ಮೆಟ್ಟಿಲ ಕೆಳಗೆ ನಿಂತವರು

ಗಡುವು ಎಂದೋ ಮುಗಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಗೆ ನಿಯಮಗಳು ಬಂದದ್ದು 2017ರ ಜೂನಿನಲ್ಲಿ. ಅಲ್ಲಿಂದ 5 ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲ ಅಂಗವಿಕಲರು ನಿರಾತಂಕವಾಗಿ ಒಳಹೋಗುವಂತೆ ಆಗಬೇಕಿತ್ತು. ಆ ನಿಯಮವೇ ಬರೀ ಸಲಹೆಯಂತಿದೆ, ಕಾಯಿದೆಗೆ ಒಪ್ಪದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ದಿಲ್ಲಿಯ ಮಾತು ಅತ್ತ ಇರಲಿ.

ಜೇವರ್ಗಿ ತಾಲೂಕಿನ ಕೊಳಕೂರದಂಥ ಊರಿನಲ್ಲಿ ಈ ಪ್ರಶ್ನೆ ಪಂಚಾಯಿತಿಯ ಕಟ್ಟೆಗೇ ಬಂದು ನಿಲ್ಲುತ್ತದೆ. ಒಂದು ಅಡಿ ಏರಿಗೆ 12 ಅಡಿ ಇಳಿಜಾರು ಬೇಕು. ಕಟ್ಟೆ ಒಂದೂವರೆ ಅಡಿಯಿದ್ದರೆ 18 ಅಡಿ. ಗುತ್ತಿಗೆದಾರನು ಅದನ್ನು 6 ಅಡಿಯಲ್ಲಿ ಮುಗಿಸಿ, ನುಣುಪು ಹಾಸುಗಲ್ಲು ಹೊದಿಸಿ ಬಿಲ್ಲು ಎತ್ತಿದರೆ ಅದು ಇಳಿಜಾರಲ್ಲ, ಜಾರುಬಂಡೆ.

ಇದು ಬೇರೆಯವರ ಸಂಗತಿಯೆಂದು ಬೇಳೆ ಮಿಲ್ಲಿನ ಕಾರ್ಮಿಕರು ತಿಳಿಯಬಾರದು. ಯಂತ್ರದ ಪಟ್ಟಾಕ್ಕೆ ಕೈ ಸಿಕ್ಕವನು, ಮೂಟೆ ಹೊತ್ತು ಬೆನ್ನು ಮುರಿದುಕೊಂಡವನು ನಾಳೆ ಪಿಂಚಣಿಯ ಕಾಗದ ಹಿಡಿದು ನಿಲ್ಲುವುದು ಅದೇ ಮೆಟ್ಟಿಲ ಕೆಳಗೆ.

ಹಣವಿಲ್ಲವೆಂಬ ನೆಪ ನಡೆಯದು. ಪಂಚಾಯಿತಿಯು ಸ್ವಂತ ವರಮಾನದ ಶೇಕಡ 5ನ್ನು ಅಂಗವಿಕಲರಿಗೆ ತೆಗೆದಿಡಬೇಕೆಂದು ರಾಜ್ಯ ಸರ್ಕಾರದ ಆದೇಶವೇ ಇದೆ. ಆ ವರಮಾನ ಕೂಲಿಕಾರನ ಮನೆಪಟ್ಟಿಯದು, ಸಣ್ಣ ಅಂಗಡಿಕಾರನ ತೆರಿಗೆಯದು. ಬರುವ ಗ್ರಾಮಸಭೆಯಲ್ಲಿ ಎದ್ದು ಲೆಕ್ಕ ಕೇಳಿರಿ. ಆ ಸಭೆಯನ್ನೂ ಮೆಟ್ಟಿಲಿಲ್ಲದ ಜಾಗದಲ್ಲಿ ಕರೆಯಿರೆಂದು ಮೊದಲೇ ಬರೆದುಕೊಡಿರಿ.