ಹವಳದ ತೊಟ್ಟಿಯೂ ಅದರ ಕೋಡಿಯೂ

1846ನೆಯ ಇಸವಿಯಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆಯು ಟಾರ್ಕೀ ಎಂಬ ಕರಾವಳಿಯ ಊರಿನಿಂದ ಜೀವವುಳ್ಳ ಹವಳಗಳನ್ನು ಲಂಡನಿನ ತನ್ನ ಮನೆಗೆ ತಂದು ಸಾಕಿದಳು. ಗಾಳಿ ಬೆರೆಯದ ನೀರಿನಲ್ಲಿ ಅವು ಬಾಳಲಾರವೆಂದು ತಿಳಿದು, ಮನೆಯ ಸೇವಕಿಯಿಂದ ಅರ್ಧ ಮುಕ್ಕಾಲು ಗಂಟೆಯ ತನಕ, ತೆರೆದ ಕಿಟಕಿಯ ಮುಂದೆ ಸಮುದ್ರದ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯಿಸುತ್ತಿದ್ದಳು. ಆ ಸೇವಕಿಯ ಕೆಲಸವನ್ನು ಈಗ ವಿದ್ಯುತ್ ಪಂಪು ಮಾಡುತ್ತದೆ. ಆದರೆ ಪಾತ್ರೆ ತುಂಬಿತೆಂದು ಆಕೆ ಕೈ ತಡೆಯುತ್ತಿದ್ದಳು, ಪಂಪು ತಡೆಯದು.

ಈಗಿನ ಏರ್ಪಾಡಿನಲ್ಲಿ ನೋಟಕ್ಕೆ ಮೇಲೊಂದು ಗಾಜಿನ ತೊಟ್ಟಿ, ಅದರ ಪೀಠದೊಳಗೆ ಇನ್ನೊಂದು ಕೆಳತೊಟ್ಟಿ. ಮೇಲಿನ ನೀರು ಕೋಡಿಯನ್ನು ದಾಟಿ, ಕೊಳವೆಯಲ್ಲಿಳಿದು, ಕೆಳಗೆ ಶುದ್ಧವಾಗಿ ಪಂಪಿನಿಂದ ಪುನಃ ಮೇಲೇರುವುದು. ಏರುವುದಕ್ಕೂ ಇಳಿಯುವುದಕ್ಕೂ ಒಂದೊಂದು ಪಂಪನ್ನಿಟ್ಟು ಎರಡನ್ನೂ ಸರಿದೂಗಿಸುವೆವೆಂದು ಹೊರಡುವವರುಂಟು. ಇದನ್ನು ನಾವು ಸರ್ವಥಾ ಒಪ್ಪೆವು. ಎರಡು ಪಂಪುಗಳು ಎಂದಿಗೂ ಸಮನಾಗಿ ನಡೆಯವು. ನಿಮಿಷಕ್ಕೆ 1 ಲೀಟರಿನ ಅಂತರವಿದ್ದರೂ ಗಂಟೆಯೊಳಗೆ 60 ಲೀಟರು ನೀರು ನೆಲದ ಪಾಲಾದೀತು.

ನಮ್ಮ ಕೆರೆಗಳನ್ನು ಕಟ್ಟಿದವರು ಕೋಡಿಯಲ್ಲಿ ಯಾರನ್ನೂ ಕಾವಲಿಡಲಿಲ್ಲ. ನೀರು ಹೆಚ್ಚಾಗಿ ಬಂದರೆ ಕೋಡಿಯ ಮೇಲೆ ಅದರ ಮಟ್ಟವು ಸ್ವಲ್ಪ ಏರುವುದು. ಏರಿದಷ್ಟೂ ಹರಿವು ಹೆಚ್ಚುವುದು. ಬಂದಷ್ಟೇ ಹೋಗುವ ತನಕ ಏರಿ, ಅಲ್ಲಿಗೆ ನಿಲ್ಲುವುದು. ಗಾಜಿನ ತೊಟ್ಟಿಯಲ್ಲಿಯೂ ಇದೇ ನ್ಯಾಯ. ಆದುದರಿಂದ ಸರಿದೂಗಿಸುವ ಭಾರವನ್ನು ನೀರಿನ ಮೇಲೆಯೇ ಬಿಟ್ಟು, ಇಳಿಯುವ ದಾರಿಯನ್ನು ಏರುವ ದಾರಿಗಿಂತ ಧಾರಾಳವಾಗಿ ಮಾಡತಕ್ಕದ್ದು. ಹರಿವನ್ನು ಕುಗ್ಗಿಸಬೇಕಾದರೆ ಪಂಪಿನ ಮುಂದಿನ ಕೊಳವೆಯ ತಿರುಪನ್ನು ಬಿಗಿಯಬಹುದು. ಇಳಿಯುವ ಕೊಳವೆ ಒಂದೇ ಇರುವಲ್ಲಿ ಅದರ ಕತ್ತನ್ನು ಹಿಸುಕುವುದು ಅವಿವೇಕ. ಅಲ್ಲದೆ ತುರ್ತಿಗೆಂದು ಇನ್ನೊಂದು ಬರಿದಾದ ಕೊಳವೆಯೂ ಇರಲಿ. ದೊಡ್ಡ ಪಂಪಿನ ಮೋಹವು ಬೇಡ. ಹವಳಕ್ಕೆ ಬೇಕಾದ ಅಲೆಯನ್ನು ತೊಟ್ಟಿಯೊಳಗಿನ ಚಿಕ್ಕ ಯಂತ್ರಗಳು ಎಬ್ಬಿಸುವವು.

ಅಪಾಯವಿರುವುದು ನಿಂತಾಗ. ನಮ್ಮ ಮನೆಗಳಲ್ಲಿ ವಿದ್ಯುತ್ತು ಯಾವ ಹೊತ್ತಿಗೆ ಹೋಗುವುದೆಂದು ಬಲ್ಲವರಾರು? ಪಂಪು ನಿಂತೊಡನೆ ಕೋಡಿಯ ಮಟ್ಟಕ್ಕಿಂತ ಮೇಲಿದ್ದ ನೀರೆಲ್ಲವೂ ಕೆಳಗಿಳಿಯುವುದು. 120 ಸೆಂಟಿಮೀಟರ್ ಉದ್ದ, 60 ಅಗಲವುಳ್ಳ ತೊಟ್ಟಿಯಲ್ಲಿ ಮಟ್ಟವು ಎರಡೂವರೆ ಸೆಂಟಿಮೀಟರ್ ಇಳಿದರೆ ಅದು 18 ಲೀಟರು. ನೀರನ್ನು ಮೇಲಕ್ಕೆ ತರುವ ಕೊಳವೆಯ ಬಾಯಿ ಆಳದಲ್ಲಿದ್ದರೆ, ಅದೇ ಕೊಳವೆಯು ನೀರನ್ನು ಹಿಂದಕ್ಕೆಳೆದು ಬಾಯಿಯ ಮಟ್ಟದ ತನಕ ತೊಟ್ಟಿಯನ್ನು ಬರಿದು ಮಾಡುವುದು. ಕೊಳವೆಯಲ್ಲಿ ನೀರಿನ ಮೇಲ್ಮಟ್ಟದ ಹತ್ತಿರವೇ ಒಂದು ಚಿಕ್ಕ ತೂತು ಕೊರೆದರೆ ಗಾಳಿ ಹೊಕ್ಕು ಈ ಸೆಳೆತವು ಮುರಿಯುವುದು. ಪಾಚಿಯು ಆ ತೂತನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಹೇಗಾದರೂ ಕೆಳತೊಟ್ಟಿಯಲ್ಲಿ ಇಷ್ಟು ನೀರಿಗೂ ತೆರಪಿರಲೇಬೇಕು. ಇದಕ್ಕೆ ವಿರುದ್ಧವಾದ ಕೇಡೂ ಒಂದುಂಟು. ಕೋಡಿಗೆ ಬಸವನಹುಳುವೊಂದು ಸಿಕ್ಕಿಕೊಂಡರೆ ಪಂಪು ತನ್ನ ಅಂಕಣದ ನೀರನ್ನೆಲ್ಲಾ ಮೇಲಕ್ಕೆ ಸುರಿಯುವುದು. ಆ ಅಂಕಣದ ನೀರು ಮೇಲಿನ ತೊಟ್ಟಿಯ ಅಂಚಿನೊಳಗೆ ಹಿಡಿಯುವಷ್ಟಕ್ಕೆ ಮೀರಿರಬಾರದು. ಈ ಎರಡು ಲೆಕ್ಕಗಳನ್ನು ಅಂಗಡಿಯವನು ಹೇಳುವುದು ಅಪರೂಪ.

ನೆಲದ ಹಾಸು ಕೆಟ್ಟರೆ ಬೇರೆ ತರಬಹುದು. ಹವಳದ ಹುಳುವಿಗೆ ಆ ತೊಟ್ಟಿಯ ಹೊರತು ಬೇರೆ ಸಮುದ್ರವಿಲ್ಲ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ 2001ರಿಂದ ಸೇರಿವೆ. ನಮ್ಮ ಕಡಲಿನಿಂದ ಅವನ್ನು ಕೀಳುವುದು ಅಪರಾಧ, ಅದು ಯುಕ್ತವೂ ಹೌದು. ಪರದೇಶದಲ್ಲಿ ಮನೆಮಾಡಿರುವ ನಮ್ಮ ಸಹೋದರಿಯರಾಗಲಿ, ಮಕ್ಕಳ ಆಸೆಗೆ ಮಣಿದ ಹೆತ್ತವರಾಗಲಿ, ನ್ಯಾಯವಾಗಿ ದೊರೆತ ಜೀವಿಗಳಿಗೆ ಇಂಥ ತೊಟ್ಟಿಯನ್ನು ಅಣಿಮಾಡುವುದಾದರೆ, ಒಂದನ್ನೂ ತರುವ ಮುಂಚೆ ಅದಕ್ಕೆ ಬರೀ ಸಿಹಿನೀರು ತುಂಬಿ, ಒಮ್ಮೆ ಪಂಪನ್ನು ನಿಲ್ಲಿಸಿ ನೋಡಲಿ. ಇನ್ನೊಮ್ಮೆ ಕೋಡಿಯ ಕೊಳವೆಯನ್ನು ಕೈಯಿಂದ ಮುಚ್ಚಿ ನೋಡಲಿ. ಆಗ ಚೆಲ್ಲಿದರೆ ಒರಸುವ ಬಟ್ಟೆಯೊಂದು ಸಾಕು.