ಕೈಯ ಚೇತರಿಕೆಗೂ ಬೇಕು ದಿನದ ಲೆಕ್ಕ

ವರ್ಷಾಂತ್ಯದ ಅಢಾವೆ ಪತ್ರಿಕೆಯೊಂದನ್ನೇ ನೋಡಿ ಅಂಗಡಿಯ ಸ್ಥಿತಿಗತಿಯನ್ನು ನಿರ್ಧರಿಸುವ ವರ್ತಕರಿಲ್ಲ. ದಿನದಿನದ ಕೀರ್ದಿಯೂ ಅವರಿಗೆ ಅಗತ್ಯ. ಆದರೆ ಪಾರ್ಶ್ವವಾಯುವಿನಿಂದ ಕೈಯ ಬಲ ಕಳೆದುಕೊಂಡವರ ಚೇತರಿಕೆಯನ್ನು ಬಹುಕಾಲ ಕೀರ್ದಿಯಿಲ್ಲದೆಯೇ ಅಳೆಯುತ್ತ ಬರಲಾಗಿದೆ.

ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಫ್ಯೂಗಲ್-ಮೇಯರ್ ಪರೀಕ್ಷೆ 1975ರಷ್ಟು ಹಳೆಯದು. ಅದರಲ್ಲಿ ತೋಳು ಮತ್ತು ಕೈಗೆ ಗರಿಷ್ಠ 66 ಅಂಕಗಳು. ಕೈಗೆ ಏನು ಸಾಧ್ಯ ಎಂಬುದನ್ನು ಅದು ಹೇಳುತ್ತದೆ. ಮನೆಯಲ್ಲಿ ಆ ಕೈ ಏನು ಮಾಡುತ್ತಿದೆ ಎಂಬುದನ್ನು ಹೇಳುವುದಿಲ್ಲ. ಚಿಕಿತ್ಸಕರೆದುರು ಲೋಟ ಎತ್ತುವ ರೋಗಿ ಮನೆಯಲ್ಲಿ ಇನ್ನೊಂದು ಕೈಯಿಂದಲೇ ಎಲ್ಲವನ್ನೂ ನಿಭಾಯಿಸಬಹುದು. ಅಮೆರಿಕದ ಎಡ್ವರ್ಡ್ ಟಾಬ್ ಅವರು ಇದನ್ನು ಅಭ್ಯಾಸದಿಂದ ಬಂದ ನಿರುಪಯೋಗವೆಂದು ಗುರುತಿಸಿದರು. ಪರೀಕ್ಷೆಯ ಅಂಕ ಏರಿದ ಮಾತ್ರಕ್ಕೆ ಮನೆಯಲ್ಲಿ ಕೈಯ ಬಳಕೆ ಹೆಚ್ಚುವುದಿಲ್ಲವೆಂದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಲ್ಯಾಂಗ್ ಮತ್ತು ಸಹೋದ್ಯೋಗಿಗಳ ಅಧ್ಯಯನಗಳು ತೋರಿಸಿವೆ.

ಈ ಕೊರತೆಯನ್ನು ನೀಗುವ ಸಾಧನ ಸರಳವಾದುದು. ಎರಡೂ ಮಣಿಕಟ್ಟುಗಳಿಗೆ ಕಟ್ಟುವ ಪಟ್ಟಿಯೊಳಗಿನ ಆಕ್ಸೆಲೆರೋಮೀಟರ್ ಚಲನೆಯನ್ನು ದಾಖಲಿಸುತ್ತದೆ. ಮೊಬೈಲ್ ಫೋನಿನಲ್ಲಿರುವುದೂ ಇದೇ ಬಗೆಯ ಸಂವೇದಕ. ಆರೋಗ್ಯವಂತರು ದಿನವಿಡೀ ಎರಡು ಕೈಗಳನ್ನೂ ಹೆಚ್ಚುಕಡಿಮೆ ಸಮನಾಗಿ ಬಳಸುತ್ತಾರೆ. ಆದ್ದರಿಂದ ಎರಡರ ಅನುಪಾತವೇ ಚೇತರಿಕೆಯ ಸೂಚಿ. ಇದಕ್ಕೂ ಮಿತಿಯುಂಟು: ನಡೆಯುವಾಗ ತೋಳು ಬೀಸಿದರೂ ಅದು ಚಲನೆಯೆಂದೇ ದಾಖಲಾಗುತ್ತದೆ. ಅದನ್ನು ಬೇರ್ಪಡಿಸಿ ತೋರಿಸದ ಸಾಧನ ರೋಗಿಗೆ ಹುಸಿ ಭರವಸೆ ನೀಡೀತು.

ನಮ್ಮ ಸಣ್ಣ ಉತ್ಪಾದಕರಿಗೆ ಇಲ್ಲಿ ಕೆಲಸವಿದೆ. ಸಂವೇದಕದ ಬಿಲ್ಲೆಯನ್ನು ಹೊರಗಿನಿಂದ ಕೊಂಡರೂ ಪೆಟ್ಟಿಗೆ, ಪಟ್ಟಿ, ಜೋಡಣೆ, ತಪಾಸಣೆಗಳು ನಮ್ಮ ಶೆಡ್ಡುಗಳಲ್ಲೇ ಆಗಬಲ್ಲವು. ಒಂದೇ ಕೈಯಿಂದ ಬಿಗಿಯಬಹುದಾದ, ನೀರಿಗೆ ಕೆಡದ, ಕನ್ನಡದಲ್ಲಿ ಸೂಚನೆಯಿರುವ ಪಟ್ಟಿಯನ್ನು ತಯಾರಿಸಲು ದೊಡ್ಡ ಕಾರ್ಖಾನೆಯೇ ಬೇಕಿಲ್ಲ. ರೋಗಿಯ ಕಷ್ಟವನ್ನು ಅರಿತ ಕುಶಲಕರ್ಮಿ ಬೇಕು.

ಆದರೆ ಪರವಾನಗಿಯ ಶ್ರಮ ತಪ್ಪಿಸಲು ಇದನ್ನು ವ್ಯಾಯಾಮದ ಪಟ್ಟಿಯೆಂದು ಮಾರಿ, ಚಿಕಿತ್ಸೆಗೆ ಉಪಯುಕ್ತವೆಂದು ಸಾರುವುದು ಸಲ್ಲದು. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯಂತೆ ಎ, ಬಿ ವರ್ಗಗಳ ತಯಾರಿಕೆಗೆ ರಾಜ್ಯದ ಪ್ರಾಧಿಕಾರವೂ, ಸಿ, ಡಿ ವರ್ಗಗಳಿಗೆ ಕೇಂದ್ರದ ಪ್ರಾಧಿಕಾರವೂ ಪರವಾನಗಿ ನೀಡುತ್ತವೆ. ಯಾವ ವರ್ಗವೆಂಬುದನ್ನು ಅಚ್ಚು ಹಾಕಿಸುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಮಾಲೀಕರಾಗಿಯೂ ನಮಗೊಂದು ಹೊಣೆಯಿದೆ. ಕೆಲಸಕ್ಕೆ ಮರಳಿದ ನೌಕರನ ಕೈಯ ಲೆಕ್ಕ ಅವನದು ಮತ್ತು ಅವನ ಚಿಕಿತ್ಸಕರದು. ಅದನ್ನು ನೋಡಿ ಅವನನ್ನು ಕೈಬಿಡುವ ರೂಢಿ ಬೆಳೆದರೆ ಯಾರೂ ಪಟ್ಟಿ ಧರಿಸಲಾರರು. ಧರಿಸದ ಪಟ್ಟಿಗೆ ಮಾರುಕಟ್ಟೆಯೂ ಇರದು. ನಮ್ಮ ಸಂಸ್ಥೆಯು ವೈದ್ಯರು, ಭೌತಚಿಕಿತ್ಸಕರು ಮತ್ತು ಉತ್ಪಾದಕರನ್ನು ಒಂದೆಡೆ ಕೂಡಿಸಿ ಈ ಎರಡೂ ವಿಷಯಗಳನ್ನು ಚರ್ಚಿಸುವುದು ಉಚಿತ.