ಬೀದರ್ ವಿಮಾನ ನಾಳೆಯೂ ಇರುತ್ತಾ?

ಬೀದರ್‌ನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ. ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸೊಂಟ ಸೋತಿರುತ್ತೆ. ನನ್ನಂಥ ಸಾಫ್ಟ್‌ವೇರ್‌ನವರಿಗೆ ಅದು ಬರೀ ಕಿರಿಕಿರಿ. ದೊಡ್ಡಾಸ್ಪತ್ರೆಗೆ ಹೊರಟವರಿಗೆ ಹಾಗಲ್ಲ.

2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ವಿಮಾನ ಬಂದಾಗ ಊರಿಗೆ ಊರೇ ಖುಷಿಪಟ್ಟಿತು. ಮರುತಿಂಗಳೇ ಲಾಕ್‌ಡೌನ್. ಮುಂದೆ ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಸ್ಟಾರ್ ಏರ್ ಬಂತು, ಅದೂ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು.

ಉಡಾನ್ ಯೋಜನೆಯ ಲೆಕ್ಕ ಸರಳ. ಸಣ್ಣ ಊರಿಗೆ ಹಾರುವ ವಿಮಾನದ ಅರ್ಧದಷ್ಟು ಸೀಟಿಗೆ ದರದ ಮಿತಿ ಇರುತ್ತದೆ. ಅದರ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಅಷ್ಟರಲ್ಲಿ ಜನ ರೂಢಿಯಾಗಿ, ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು.

ಆದರೆ ರೂಢಿಯಾಗೋದು ಹೇಗೆ? ಇವತ್ತಿರುವ ವಿಮಾನ ಮುಂದಿನ ತಿಂಗಳೂ ಇರುತ್ತೆ ಅನ್ನೋ ನಂಬಿಕೆ ಇಲ್ಲದಿದ್ದರೆ ಯಾರು ಮುಂಗಡ ಟಿಕೆಟ್ ಮಾಡಿಸುತ್ತಾರೆ? ಹತ್ತಿರದ ಹೈದರಾಬಾದ್‌ಗೆ ಹೋಗಿ ವಿಮಾನ ಹಿಡಿಯುತ್ತಾರೆ. ಇಲ್ಲಿ ಸೀಟು ಖಾಲಿ. ಖಾಲಿ ಸೀಟು ತೋರಿಸಿ ‘ಬೇಡಿಕೆ ಇಲ್ಲ’ ಅಂದುಬಿಡೋದು ಸುಲಭ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಪದೇಪದೇ ಡೌನ್ ಆಗುವ ಆ್ಯಪ್‌ಗೆ ಬಳಕೆದಾರರು ಕಡಿಮೆ ಅಂತ ದೂರಬಾರದು. ನಡುವೆ ಕಡಿದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ನಿಲ್ಲದೆ ಮೂರು ವರ್ಷ ಹಾರಿಸಿ ನೋಡಿ. ಆಮೇಲೆ ಬೀದರ್‌ನವರಿಗೆ ವಿಮಾನ ಬೇಕೋ ಬೇಡವೋ, ನೀವೇ ಹೇಳಿ.